ಬೆನ್ನಿಗೆ ನಿಂತ ನೆರಳು

ನಮ್ಮೂರಿಗೆ ವಿಮಾನ ಬರುವುದು ಗಾಳಿ ಮಲಗಿದ ಮೇಲೆ. ಇಂಥ ವಾರ, ಇಂಥ ಹೊತ್ತು ಅಂತ ಇಲ್ಲ. ಊರ ಮೂಡಣಕ್ಕೆ ಚಪ್ಪಡಿಯಂಥ ಪರಸಿಕಲ್ಲಿನ ಬಯಲೊಂದು ಹಾಸಿ ಬಿದ್ದಿದೆ. ಅಲ್ಲಿ ಹುಲ್ಲು ಹುಟ್ಟುವುದಿಲ್ಲ, ಬಿದ್ದ ನೀರು ನಿಲ್ಲುವುದಿಲ್ಲ. ಬೇವಿನ ಎಲೆ ಅಲುಗದೆ ನಿಂತ ದಿನ ಜನ ಗಂಟುಮೂಟೆ ಕಟ್ಟಿಕೊಂಡು ಆ ಬಯಲಿಗೆ ಹೋಗಿ ಒಬ್ಬರ ಹಿಂದೆ ಒಬ್ಬರು ನಿಂತು ಪಾಳಿ ಹಚ್ಚುತ್ತಾರೆ. ಕೆಲವು ಸಲ ಅವತ್ತೇ ವಿಮಾನ ಬಂದು ಇಳಿಯುತ್ತದೆ, ಕೊಕ್ಕರೆ ಇಳಿದಷ್ಟು ಮೆಲ್ಲಗೆ. ಕೆಲವು ಸಲ ಗಾಳಿ ಮತ್ತೆ ಏಳುತ್ತದೆ. ಆಗ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಒಂದು ಕಲ್ಲೋ, ಟವೆಲ್ಲೋ, ಕಿತ್ತುಹೋದ ಚಪ್ಪಲಿಯೋ ಇಟ್ಟು ಮನೆಗೆ ಹೋಗಿ ಉಂಡು ಬರುತ್ತಾರೆ. ಕಲ್ಲು ಇಟ್ಟವರ ಜಾಗವನ್ನು ಯಾರೂ ಮುಟ್ಟುವುದಿಲ್ಲ.

ಪಾಳಿಗೆ ಹೊಸದಾಗಿ ಬಂದವರು ಮೊದಲು ಕೇಳುವ ಮಾತು ಒಂದೇ: "ಕಡೀಕ ಯಾರು?" ಕೊನೆಯಲ್ಲಿ ನಿಂತವರು ಕೈ ಎತ್ತಿ "ನಾನ" ಅನ್ನಬೇಕು. ಬಂದವರು "ಹಂಗಾದ್ರ ನಾ ನಿಮ್ಮ ಬೆನ್ನಿಗಿ" ಅನ್ನಬೇಕು. ಇಷ್ಟಾದರೆ ಮುಗಿಯಿತು, ಜಾಗ ಕೂತಂತೆ. ಅವಸರ ಇದ್ದವರು ಮುಂದೆ ಹೋಗಬಾರದು ಅಂತೇನಿಲ್ಲ. ಬಸುರಿಯರು, ಕಾಲು ನೋವಿನವರು, ಸಾವಿನ ಸುದ್ದಿ ಕೇಳಿ ಹೊರಟವರು ಒಬ್ಬೊಬ್ಬರನ್ನೇ "ಮುಂದ ಹೋಗ್ಲೇನ್ರಿ?" ಅಂತ ಕೇಳುತ್ತ ಹೋಗುತ್ತಾರೆ. ನಿಂತವರು "ನಡೀರಿ" ಅಂತ ದಾರಿ ಬಿಡುತ್ತಾರೆ. ಕೇಳಿ ಹೋದವರ ಜೊತೆಗೆ ಅವರ ನೆರಳೂ ಹೋಗುತ್ತದೆ. ಕೇಳದೆ ನುಗ್ಗಿದವರ ನೆರಳು ಮಾತ್ರ ಅವರು ನಿಂತಿದ್ದ ಜಾಗದಲ್ಲೇ ಉಳಿಯುತ್ತದೆ.

ಹಾಗೆ ಉಳಿದ ನೆರಳುಗಳು ನಮ್ಮ ಬಯಲಿನಲ್ಲಿ ಅಲ್ಲಲ್ಲಿ ಇವೆ. ಬೆಳಿಗ್ಗೆ ಊರ ಕಡೆ ಉದ್ದಕ್ಕೆ ಚಾಚುತ್ತವೆ, ನಡುಹಗಲು ಮುದುಡಿ ಗಂಟಾಗುತ್ತವೆ, ಇಳಿಹೊತ್ತಿಗೆ ಮೂಡಣಕ್ಕೆ ಹೊರಳುತ್ತವೆ. ಅಲ್ಲಿ ಮನುಷ್ಯ ನಿಂತಿದ್ದರೆ ಹೇಗೋ ಹಾಗೆಯೇ, ಮನುಷ್ಯನೊಬ್ಬ ಇಲ್ಲ ಅಷ್ಟೆ. ಹಪ್ಪಳ ಒಣಹಾಕುವ ಹೆಂಗಸರು ಅವುಗಳಿಂದ ಮಾರು ದೂರ ಸರಿದು ಚಾಪೆ ಹಾಸುತ್ತಾರೆ. ಹಿಂದೊಮ್ಮೆ ಕೇಳದೆ ಹಾರಿಹೋದ ಪಂಚಾಯ್ತಿ ಮೆಂಬರನೊಬ್ಬನ ನೆರಳು ಎರಡು ಎಮ್ಮೆಗಾಗುವಷ್ಟು ಅಗಲ; ಊರ ನಾಯಿಗಳೆಲ್ಲ ಅದರ ಹೊಟ್ಟೆಯಲ್ಲೇ ಮಲಗುತ್ತವೆ. ಮೋಡ ಮುಸುಕಿದ ದಿನ ನೆರಳು ಕಾಣದು. ಅಂಥ ದಿನ ಅಲ್ಲಿ ನಡೆಯುವವರು ಮಲಗಿದವರ ನಡುವೆ ನಡೆದಂತೆ ಕಾಲು ನೋಡಿಕೊಂಡು ನಡೆಯುತ್ತಾರೆ.

ಒಂದು ಸಲ ವಿಮಾನದ ಕಡೆಯವರು ಒಬ್ಬ ಸಾಹೇಬನನ್ನು ಕಳಿಸಿದ್ದರು. ಅವನು ಪಾಳಿಯ ಮುಂದೆ ನಿಂತು, ಬಾಯಿಗೆ ಕಹಳೆಯಂಥದ್ದೊಂದು ಹಿಡಿದು, ಹಿಂದಿನ ಸೀಟಿನವರು ಮೊದಲು ಹತ್ತಬೇಕು, ನಡುವಿನವರು ಆಮೇಲೆ, ಮುಂದಿನ ಸೀಟಿನವರು ಎಲ್ಲರಿಗಿಂತ ಹಿಂದೆ, ಹಾಗೆ ಮಾಡಿದರೆ ಬೇಗ ಆಗುತ್ತದೆ ಅಂತ ಕೂಗಿದ. ನಮ್ಮ ಜನ ಕೇಳಿದರು, ತಲೆ ಆಡಿಸಿದರು, ಎಲ್ಲಿ ನಿಂತಿದ್ದರೋ ಅಲ್ಲೇ ನಿಂತರು.

"ಬೇಗ ಆಗ್ತದ ಅಂತಾನ," ಅಂದ ಕುಂಬಾರ ತಿಪ್ಪಣ್ಣ. "ಬೇಗ ಆದ ಮ್ಯಾಲ ಏನ್ ಮಾಡೋದಂತ, ಕೇಳ್ರಿ."

ಸಾಹೇಬನಿಗೆ ಸಿಟ್ಟು ಬಂದು ಯಾರನ್ನೂ ಕೇಳದೆ ತಾನೇ ಮೊದಲು ಹತ್ತಿ ಹೋದ. ಅವನ ನೆರಳು ಕಹಳೆ ಹಿಡಿದುಕೊಂಡು ಇನ್ನೂ ಅಲ್ಲೇ ಇದೆ. ಬಯಲಿನ ಅಂಚಿಗೆ ಮಾಬೂಬಿಯ ಮನೆ. ಹೊತ್ತು ಹುಟ್ಟುವಾಗ ಕಹಳೆಯ ನೆರಳು ಅವಳ ಬಾಗಿಲ ತನಕ ಬರುತ್ತದೆ. "ಸಾಕ್ ಬಿಡಪಾ ಸಾಹೇಬ, ಎದ್ದೀನಿ, ಒದರಬ್ಯಾಡ," ಅಂತ ಅವಳು ದಿನಾ ಅದಕ್ಕೆ ಹೇಳಿಯೇ ಕಸ ಗುಡಿಸುವುದು.

ನನ್ನ ಹೆಸರು ಸಕ್ರೆವ್ವ. ಈಗ ಮುದುಕಿಯಾದೆನಲ್ಲ, ಎಲ್ಲರೂ ಆಯಿ ಅನ್ನುತ್ತಾರೆ. ಆ ಪಾಳಿಯಲ್ಲಿ ನನ್ನದೂ ಒಂದು ಜಾಗವಿತ್ತು, ಎಷ್ಟೋ ಬೇಸಿಗೆಗಳಿಂದ. ನನ್ನ ಬೆನ್ನ ಹಿಂದೆ ಒಂದು ನೆರಳಿತ್ತು. ಹೇಳಬೇಕಾದ್ದು ಅದರ ಸಂಗತಿ.

ಆಗ ನನಗೆ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ನನ್ನ ತಂಗಿ ಹೊಳೆವ್ವನನ್ನು ವಿಮಾನ ಹೋಗುವ ಆ ದೊಡ್ಡ ಊರಿಗೆ ಕೊಟ್ಟಿದ್ದೆವು. ಅವಳಿಗೆ ದಿನ ತುಂಬಿದ್ದವು. ನಮಗೆ ಅವ್ವ ಇರಲಿಲ್ಲ. ಬಾಣಂತನಕ್ಕೆ ಬರುತ್ತೇನೆ ಅಂತ ನಾನೇ ಮಾತು ಕೊಟ್ಟಿದ್ದೆ. ಬಾಣಂತಿಗೆ ತಿನ್ನಲು ಅಂಟಿನುಂಡಿ ಕಟ್ಟಿದೆ. ಹಳೆ ಸೀರೆಗಳನ್ನು ಕೂಡಿಸಿ ಕೂಸಿಗೆ ಒಂದು ಕೌದಿ ಹೊಲಿದೆ. ಗಾಳಿ ಮಲಗಿದ ದಿನ ಬಯಲಿಗೆ ಹೋಗಿ ನಿಂತೆ. ನಾನು ನಿಂತ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ದನಿ ಬಂತು.

"ಕಡೀಕ ಯಾರ್ರೀ?"

"ನಾನ," ಅಂದೆ.

"ಹಂಗಾದ್ರ ನಾ ನಿಮ್ಮ ಬೆನ್ನಿಗಿ, ಅಕ್ಕಾರ."

ತಿರುಗಿ ನೋಡಿದೆ. ಯಾವುದೋ ಬೇರೆ ಊರಿನವನು. ಮೈತುಂಬಿದ ಪ್ರಾಯದ ಆಳು, ದೊಡ್ಡ ರುಮಾಲು, ಕಂಕುಳಲ್ಲಿ ಛತ್ರಿ. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ನನ್ನ ಹೆಗಲ ಮೇಲಿಂದ ಮುಂದೆ ಇಣುಕುತ್ತಿದ್ದ. ವಿಮಾನ ಬಂತು. ಬೇರೆ ಊರುಗಳನ್ನು ಸುತ್ತಿ ಬರುವ ವಿಮಾನ ಅದು. ಒಳಗೆ ಎಷ್ಟು ಸೀಟು ಖಾಲಿ ಅನ್ನುವುದು ಬಾಗಿಲು ತೆರೆದ ಮೇಲೆಯೇ ತಿಳಿಯುವುದು. ಪಾಳಿ ಸರಿಯಿತು. ಮುಂದಿನವರೆಲ್ಲ ಹತ್ತಿ, ಇನ್ನೇನು ನಾನು ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಒಂದು ಭುಜ ನನ್ನನ್ನು ತಾಕಿ ಮುಂದೆ ಹೋಯಿತು. ರುಮಾಲು ಒಳಗೆ ಹೋದದ್ದು ಕಂಡಿತು. ಬಾಗಿಲ ಹುಡುಗಿ ಹೊರಗೆ ತಲೆ ಹಾಕಿ, "ಇನ್ನು ಜಾಗ ಇಲ್ಲಮ್ಮ," ಅಂದು ಬಾಗಿಲು ಹಾಕಿದಳು.

ನಾನು ಗಂಟು ಹಿಡಿದುಕೊಂಡು ನನ್ನ ಜಾಗಕ್ಕೆ ಮರಳಿ ಬಂದೆ. ಪಾಳಿಯವರು ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರೂ ನನ್ನ ಹಿಂದೆ ಕಲ್ಲಿನ ಮೇಲೆ ಬಿದ್ದಿದ್ದ ರುಮಾಲಿನ ನೆರಳನ್ನು ನೋಡುತ್ತಿದ್ದರು. ಆ ನೆರಳಿನ ಕಂಕುಳಲ್ಲಿ ಛತ್ರಿಯೂ ಇತ್ತು.

ಮುಂದಿನ ವಿಮಾನದಲ್ಲಿ ಬಳೆಗಾರನೊಬ್ಬ ಆ ಊರಿಂದ ಸುದ್ದಿ ತಂದ. "ಹೆಣ್ಣು ಕೂಸಂತವ್ವಾ. ತಾಯಿ ಕೂಸು ಚಲೋ ಅದಾರ. ಮಗ್ಗಲ ಮನಿಯಾಕಿ ನೀರು ಹಾಕಿದಳಂತ." ಆಮೇಲೆ ಅವನು ಹೆಗಲ ಮೇಲಿನ ಬಳೆಯ ಮಲಾರವನ್ನು ಸರಿಮಾಡಿಕೊಳ್ಳುತ್ತ, ಹೇಳಲೋ ಬೇಡವೋ ಅನ್ನುವಂತೆ ಹೇಳಿದ: "ನಿನ್ನ ತಂಗಿ ಮಾತು ಹೇಳಿ ಕಳಿಸ್ಯಾಳ. ಬರೂ ಹೊತ್ತಿಗೆ ಬರಲಿಲ್ಲ, ಇನ್ನ ಬಂದು ಏನ್ ಮಾಡ್ತಾಳ ಅಂತ."

ಅಂಟಿನುಂಡಿಯನ್ನು ಪಾಳಿಯವರಿಗೆ ಹಂಚಿದೆ. ಕರೆಯದ ಮನೆಗೆ ಹೇಗೆ ಹೋಗುವುದು? ಹೋಗುವ ಹಾಗಿರಲಿಲ್ಲ. ಪಾಳಿ ಬಿಟ್ಟು ಏಳುವುದಕ್ಕೂ ಮನಸ್ಸಾಗಲಿಲ್ಲ. ಕೌದಿ ಹಾಸಿ ನನ್ನ ಜಾಗದಲ್ಲೇ ಕೂತೆ.

ಹಾಗೆ ಕೂತವರ ಮುಂದೆ ಬದುಕು ತಾನಾಗಿಯೇ ಒಂದು ದಾರಿ ಮಾಡಿಕೊಳ್ಳುತ್ತದೆ. ನನ್ನ ಹಿಂದೆ ಬಂದು ನಿಂತವರೆಲ್ಲ ವಿಮಾನ ಹತ್ತುವ ಮುಂಚೆ ನನ್ನನ್ನು ಕೇಳಲೇಬೇಕಾಯಿತು. "ಸಕ್ರೆವ್ವಾ, ಮುಂದ ಹೋಗ್ಲೇನ?" "ನಡೀಪಾ, ನಾ ಇನ್ನ ಹೊಂಟಿಲ್ಲ." ಮಾತಾಡಿಸಿದವರನ್ನು ಬಿಸಿಲಲ್ಲಿ ಬರಿಬಾಯಲ್ಲಿ ಹೇಗೆ ಕಳಿಸುವುದು? ಒಂದು ಕೊಡ ನೀರು ತಂದಿಟ್ಟೆ. ಕೊಡ ಸಾಲದಾಯಿತು. ತಿಪ್ಪಣ್ಣ ಎರಡು ದೊಡ್ಡ ಹರವಿ ಸುಟ್ಟು ಕೊಟ್ಟ. ಬರಬರುತ್ತ ಅದು ಅರವಟಿಗೆಯಾಯಿತು. ಊರು ಬಿಡುವವರು ಕೊನೆಗೆ ಕುಡಿಯುವುದು ನನ್ನ ನೀರು, ಮರಳಿ ಬಂದವರು ಮೊದಲು ಕುಡಿಯುವುದೂ ನನ್ನ ನೀರೇ.

ನೀರು ತಂಪಾಗಿರುತ್ತಿತ್ತು. ಅದಕ್ಕೆ ಕಾರಣ ಆ ನೆರಳು. ಹೊತ್ತು ಪಡುವಣಕ್ಕೆ ವಾಲಿ ಕಲ್ಲು ಕಾಯ್ದು ಕಾವಲಿಯಾಗುವ ಹೊತ್ತಿಗೆ ಸರಿಯಾಗಿ ಅದು ಮೆಲ್ಲಗೆ ಹೊರಳಿ ನನ್ನ ಬೆನ್ನಿನ ಮೇಲೆ ಬೀಳುತ್ತಿತ್ತು, ಬೆನ್ನು ದಾಟಿ ಹರವಿಗಳ ಮೇಲೆ ಬೀಳುತ್ತಿತ್ತು. ಬೆನ್ನಿಗಿ ಅಂತ ಮಾತು ಕೊಟ್ಟವನು ಹಾರಿ ಹೋಗಿದ್ದ. ನೆರಳು ಆ ಮಾತನ್ನು ಹಿಡಿದುಕೊಂಡು ನಿಂತಿತ್ತು. ಅದನ್ನು ಜನ ಸಕ್ರೆವ್ವನ ಬೆನ್ನಿನವ ಅನ್ನುತ್ತಿದ್ದರು. ಪಾಳಿಯ ರೀತಿ ಬಿಡಬಾರದಲ್ಲ, ನನ್ನನ್ನು ಕೇಳಿದ ಮೇಲೆ ಅದನ್ನೂ ಕೇಳುತ್ತಿದ್ದರು: "ಅಣ್ಣಾರ, ಮುಂದ ಹೋಗ್ಲ್ಯಾ?" ಅದರ ಪರವಾಗಿ ನಾನೇ, "ನಡೀಬೇಕಂತ," ಅನ್ನುತ್ತಿದ್ದೆ.

ಮೊದಮೊದಲು ನಾನು ಅದನ್ನು ಬೈಯುತ್ತಿದ್ದೆ. ಆಮೇಲೆ ಬೈಯುವುದು ಬೇಸರವಾಯಿತು. ಬರೀ ಮಾತಾಡುತ್ತಿದ್ದೆ. ಇವತ್ತು ಯಾರು ಹೋದರು, ಯಾರು ಬಂದರು, ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು. ಅದು ಕೇಳುತ್ತಿತ್ತು. ಕೇಳುವವರು ಸಿಗುವುದು ಸುಲಭವೇ?

ನನ್ನ ತಲೆ ನರೆತ ಮೇಲೆ, ಗಾಳಿ ಇಲ್ಲದ ಒಂದು ಇಳಿಹೊತ್ತು ವಿಮಾನ ಬಂದು ನಿಂತಿತು. ಬಾಗಿಲು ಪೂರ್ತಿ ತೆರೆಯುವ ಮೊದಲೇ ಒಬ್ಬ ಮುದುಕ ಉಳಿದವರನ್ನು ಮೊಣಕೈಯಲ್ಲಿ ಸರಿಸಿ ಇಳಿದ. ಬಾಗಿದ ಬೆನ್ನು, ತಲೆಗೆ ಟೊಪ್ಪಿಗೆ, ಕೈಯಲ್ಲಿ ಚೀಲ. ಮೆಂಬರನ ಹೊಟ್ಟೆಯಲ್ಲಿ ಮಲಗಿದ್ದ ನಾಯಿ ಎದ್ದು ಬೊಗಳಿತು. ಆಗ ನೋಡಿದೆವು, ಅವನ ಕಾಲ ಬುಡದಲ್ಲಿ ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ನೆರಳಿರಲಿಲ್ಲ.

ಕಳೆದ ವಸ್ತು ಹುಡುಕುವವನಂತೆ ನೆಲ ನೋಡುತ್ತ ಬಂದ. ಎಲ್ಲಕ್ಕಿಂತ ಮುಂದೆ ಇದ್ದ ನೆರಳಿನ ಮೇಲೆ ಹೋಗಿ ನಿಂತು ಕಾದ.

"ಮುತ್ಯಾರ," ಅಂತ ತಿಪ್ಪಣ್ಣ ಕೂಗಿದ, "ಅದು ಕಹಳಿ ಸಾಹೇಬಂದು. ನಿಮ್ಮ ಕೈಯಾಗ ಕಹಳಿ ಐತೇನು?"

ಮುದುಕ ಅಲ್ಲಿಂದ ಸರಿದು ಮೆಂಬರನ ನೆರಳಿಗೆ ಬಂದ.

"ಅದರ ಹೊಟ್ಟಿ ನೋಡ್ರಿ. ನಿಮ್ಮಂಥಾ ನಾಕ ಮಂದಿ ಹಿಡೀತಾರ ಅದರಾಗ."

ಮಾಬೂಬಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಯಾ ಅಲ್ಲಾ! ನೆರಳ ಹುಡುಕೂದ್ರಾಗೂ ಮುಂದಿಂದನ ಸುರು ಮಾಡ್ತಾನಲ್ಲ ಈ ಮನಷ್ಯಾ!"

ನನಗೆ ನಗು ಬರಲಿಲ್ಲ. ಆ ಕಾಲು ಬದಲಿಸುವ ರೀತಿಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದೆ. "ಇಲ್ಲಿ ಬರ್ರಿ," ಅಂದೆ. "ನಿಮ್ಮದು ಇಲ್ಲೈತಿ."

ಅವನು ಬಂದು ನನ್ನ ಹಿಂದೆ ನಿಂತ. ಕಲ್ಲಿನ ಮೇಲೆ ರುಮಾಲು ಕಟ್ಟಿದ ಪ್ರಾಯದ ನೆರಳು ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ ಟೊಪ್ಪಿಗೆಯ ಮುದುಕ ಬಾಗಿ ನಿಂತಿದ್ದ. ಮಗನನ್ನು ನೋಡಲು ಬಂದ ಅಪ್ಪನ ಹಾಗೆ ಕಂಡ. ನೆರಳು ಅವನ ಕಾಲಿಗೆ ಅಂಟಲಿಲ್ಲ. ಅವನು ಬಲಕ್ಕೆ ಸರಿದ, ಎಡಕ್ಕೆ ಸರಿದ. ಅದು ಮಿಸುಕಲಿಲ್ಲ.

ನೀರು ಕೊಟ್ಟೆ. ಕುಡಿದು ತನ್ನ ಹೆಸರು ಚನಮಲ್ಲಪ್ಪ ಅಂದ. ನಾನು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. "ಆ ಊರಾಗ ಎತ್ತರೆತ್ತರ ಮನಿ," ಅಂದ. "ಎಲ್ಲಾರೂ ಗ್ವಾಡಿ ನೆರಳಿನ್ಯಾಗ ಓಡ್ಯಾಡ್ತಾರ. ಯಾರ ನೆರಳ ಯಾರೂ ನೋಡೂದಿಲ್ಲ. ಹೆಂಡ್ತಿ ಜೀವ ಇರೂ ತನಕ ಆಕಿಗೂ ತಿಳೀಲಿಲ್ಲ. ಈಗ ಮೊಮ್ಮಗಳು ಅದಾಳ, ಸಂಪದಾ ಅಂತ. ನೆರಳ ತುಳಿಯೂ ಆಟ ಆಡ್ತದ ಅದು. ನನ್ನ ಅಂಗಳಕ್ಕ ಎಳಕೊಂಡು ಹೋತು. 'ಮುತ್ಯಾ, ನಿಂದು ಎಲ್ಲಿ?' ಅಂತು. ಮನಿಯಾಗ ಐತಿ ಅಂದ್ನಿ. ಮನಿಯೆಲ್ಲಾ ಹುಡುಕಿ ಬಂತು. ಆಮ್ಯಾಲಿಂದ ನನ್ನ ಮಗ್ಗಲ ಬರವಲ್ದು. ಅಂಜತದ." ತಂಬಿಗೆಯ ಅಂಚನ್ನು ಬೆರಳಲ್ಲಿ ಸವರುತ್ತ ಅವನು ಮೆಲ್ಲಗೆ ಅಂದ, "ಅದರ ಸಲುವಾಗಿ ಬಂದೀನಿ. ನೆರಳ ತರ್ತೀನಿ ಅಂದ್ನಿ, ವಿಮಾನ ಬಂದಾಗೆಲ್ಲಾ ಬಂದು ನೋಡ್ತೀನಿ ಅಂತು. ನನಗೇನು, ನೆರಳಿಲ್ಲದ ಇಷ್ಟ ದಿನ ಹೋತು."

ಅವತ್ತು ವಿಮಾನ ಹೊರಡುವ ಮುಂಚೆ ಅವನು ಪಾಳಿಯ ರೀತಿಯಲ್ಲೇ ಕೇಳಿದ. "ಆಯಿಯವರ, ಮುಂದ ಹೋಗ್ಲೇನ್ರಿ?"

"ನಡೀರಿ," ಅಂದೆ. ಬಾಯಿ ಅಂದಿತು. ಕೂತ ಜಾಗ ಬಿಟ್ಟು ನಾನು ಕದಲಲಿಲ್ಲ.

ಅವನು ನನ್ನನ್ನು ದಾಟಿ ನಡೆದ. ನಡೆದು ಹಿಂತಿರುಗಿ ನೋಡಿದ. ನೆರಳು ನನ್ನ ಬೆನ್ನ ಹಿಂದೆಯೇ ಇತ್ತು.

ತಿಪ್ಪಣ್ಣ ಗಡ್ಡ ಕೆರೆದುಕೊಂಡ. "ನಿಮ್ಮ ನೆರಳು ನಿಮಗಿಂತ ಮಾತಿಗೆ ಗಟ್ಟಿ ಐತ್ರಿ ಮುತ್ಯಾರ. ಸಕ್ರೆವ್ವಾಯಿ ಬೆನ್ನಿಗಿ ಅಂತ ಹೇಳಿದ್ರಿ. ಹಂಗ ನಿಂತೈತಿ. ಆಯಿ ನಡದ್ರ ಅದು ನಡೀತೈತಿ. ಆಯಿ ಕುಂತ್ರ ಅದೂ ಇಲ್ಲೇ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹರವಿಯ ಒಳಗೆ ನೋಡಿದೆ. ವಿಮಾನ ಹಾರಿ ಹೋಯಿತು.

ಗಾಳಿ ಎದ್ದಿತು. ಬೇವಿನ ಎಲೆಗಳು ನಿದ್ದೆ ಇಲ್ಲದವರಂತೆ ಹೊರಳಾಡಿದವು. ಚನಮಲ್ಲಪ್ಪ ಎಲ್ಲಿಗೂ ಹೋಗಲಿಲ್ಲ. ಮಾಬೂಬಿ ತನ್ನ ಕಟ್ಟೆಯ ಮೇಲೆ ಮಲಗಲು ಜಾಗ ಕೊಟ್ಟಳು. ಹಗಲೆಲ್ಲ ನನ್ನ ಹಿಂದೆ ಬಂದು ಕೂರುತ್ತಿದ್ದ. ಮೊದಲು ಅವನಿಗೆ ಕೂರಲು ಬರುತ್ತಲೇ ಇರಲಿಲ್ಲ. ಏಳುವನು, ಆಕಾಶ ನೋಡುವನು, ಮುಂದೆ ಹೋಗಿ ಬರುವನು. ನೀರಿಗೆ ಬಂದವರ ನಡುವೆ ಕೈ ತೂರಿಸಿ ತಾನೇ ಮೊದಲು ತಂಬಿಗೆ ಹಿಡಿಯುವನು. ಜನ ಅವನ ಕೈ ನೋಡಿದರೆ ನಾಚಿ ಹಿಂದಕ್ಕೆಳೆಯುವನು. ಹೊತ್ತು ಹೋದಂತೆ ಏಳುವುದು ಕಡಿಮೆಯಾಯಿತು. ಹರವಿ ಬರಿದಾದರೆ ಬಾವಿಗೆ ಹೋಗಿ ತುಂಬಿ ತರುತ್ತಿದ್ದ. ಬಾವಿಯ ಬಳಿಯೂ ಪಾಳಿ ಇರುತ್ತದೆ. ಒಂದು ದಿನ ಬಹಳ ತಡವಾಗಿ ಬಂದ. ಯಾಕೆ ಅಂದೆ. "ಕಡೀಕ ನಾನ ಇದ್ನಿ," ಅಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಬೆರಗಿತ್ತು.

ಒಂದು ಇಳಿಹೊತ್ತು ನಾನು ಕೂತಿದ್ದ ಕೌದಿಯ ಹರಿದ ಅಂಚನ್ನು ಹೊಲಿಯುತ್ತಿದ್ದೆ. ಅವನು ಹಿಂದಿನಿಂದ ಕೇಳಿದ, "ಸಣ್ಣ ಕೌದಿ ಐತಲ್ರಿ. ಕೂಸಿಗೆ ಹೊಲದಂಗ ಐತಿ."

"ಹೌದು. ತಂಗಿ ಕೂಸಿಗೆ."

"ಕೊಡಲಿಲ್ಲೇನು?"

ದಾರ ಹಲ್ಲಿನಿಂದ ಕಡಿದೆ. "ಬಾಣಂತನಕ್ಕ ಹೊಂಟಿದ್ನಿ. ಸೀಟ ಒಂದ ಉಳದಿತ್ತು. ನನ್ನ ಹಿಂದಿನವರು ಹತ್ತಿದ್ರು."

ನೆರಳು ಬೆನ್ನ ಮೇಲೆ ಇತ್ತು. ಆಮೇಲೆ ಅವನು ಮಾತಾಡಿದ. ದನಿ ನೆಲದಿಂದ ಬಂದಂತೆ ಇತ್ತು.

"ಕಿಡಕಿ ಮಗ್ಗಲ ಸೀಟ ಸಿಗಲಿ ಅಂತ ಓಡಿದ್ನಿರಿ ಅಕ್ಕಾರ. ಮ್ಯಾಲಿಂದ ನೆಲ ಹ್ಯಾಂಗ ಕಾಣ್ತದ ನೋಡಬೇಕಂತ ಭಾಳ ಆಸೆ ಇತ್ತು. ಇರೂದು ಅದೊಂದ ಸೀಟ ಅಂತ ನನಗ ಗೊತ್ತಿರಲಿಲ್ಲ." ಮತ್ತೆ ಅಂದ, "ಕಿಡಕಿನೂ ಸಿಗಲಿಲ್ಲ. ನಡುವಿನ ಸೀಟು. ಆ ಕಡೆ ಈ ಕಡೆ ದಪ್ಪ ಮಂದಿ."

ಇಷ್ಟು ವರ್ಷ ಅವನ ಅವಸರಕ್ಕೆ ನಾನು ಎಂತೆಂಥ ಕಾರಣ ಹುಡುಕಿದ್ದೆ. ತಾಯಿ ಸಾಯುತ್ತಿರಬಹುದು, ಕೋರ್ಟಿನ ಕೆಲಸವಿರಬಹುದು, ಮನೆಗೆ ಬೆಂಕಿ ಬಿದ್ದಿರಬಹುದು ಅಂತ. ಕಿಟಕಿ! ನನಗೆ ನಗು ಬಂತು. ನಿಲ್ಲಿಸಲು ಆಗಲಿಲ್ಲ. ಅವನು ಹೆದರಿ ನೋಡುತ್ತಿದ್ದ. ಆಮೇಲೆ ಅವನೂ ನಕ್ಕ, ನಗುತ್ತಲೇ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ.

ಅಷ್ಟಾದರೂ ನಾನು ಹೊರಡುವ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಮಾಬೂಬಿ ಕಸಬರಿಗೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ನಾವಿಬ್ಬರೂ ಒಟ್ಟಿಗೆ ಮುದುಕಿಯರಾದವರು. ಅವಳು ನನಗೆ ಏನು ಬೇಕಾದರೂ ಅನ್ನಬಹುದು.

"ಏನ ಸಕ್ರೀ, ಊರಿಗೆಲ್ಲಾ ದಾರಿ ಬಿಟ್ಟಿ. ಬೆನ್ನಿಗಿ ನಿಂತವಗ ಮಾತ್ರ ಅಡ್ಡ ಕುಂತೀಯಲ್ಲ."

"ನಾ ಏನ್ ಮಾಡ್ಲೆ? ನಡೀರಿ ಅಂದ್ನಿ. ನೆರಳು ಹೋಗಲಿಲ್ಲ."

"ಅದು ಹ್ಯಾಂಗ ಹೋಗ್ತದ? ಪಾಳಿ ನಿಂದು. ನಿನ್ನ ಪಾಳಿ ಬಂದು ಯಾವ ಕಾಲ ಆತು. ಪಾಳಿ ಬರದ ಹೋಗೋದು ತಪ್ಪಾದ್ರ, ಪಾಳಿ ಬಂದ ಮ್ಯಾಲ ಕುಂಡ್ರೂದು ಯಾವ ಊರ ನ್ಯಾಯ?"

"ನನ್ನ ಕರದವರ್ಯಾರು ಮಾಬೂ?"

"ಆಕಿ ಸಿಟ್ಟಿಲೆ ಅಂದಳು. ಸಿಟ್ಟಿನ ಮಾತಿಗೆ ಎಷ್ಟ ಆಯುಷ್ಯ ಇರ್ತದ? ನೀನ ನೀರು ಹಾಕಿ ಬೆಳಸಾಕತ್ತೀದಿ." ಅವಳು ನೆರಳಿನ ಕಡೆ ಕಸಬರಿಗೆ ತೋರಿಸಿದಳು. "ಇದು ಹೋದ್ರ ಬೆನ್ನು ಖಾಲಿ ಆಗ್ತದ ಅಂತ ಅಂಜಿಕಿ ನಿನಗ. ನನಗ ಗೊತ್ತಿಲ್ಲೇನು?"

ನಾನು ಅವಳ ಕೈಯಿಂದ ಕಸಬರಿಗೆ ಇಸಿದುಕೊಂಡು ಹರವಿಗಳ ಸುತ್ತ ಗುಡಿಸತೊಡಗಿದೆ.

ಗಾಳಿ ಮಲಗಿತು. ಬೇವಿನ ಎಲೆಗಳು ಬರೆದಿಟ್ಟಂತೆ ನಿಂತವು. ಇಳಿಹೊತ್ತಿನ ಬಿಸಿಲಲ್ಲಿ ಕಲ್ಲಿನ ಬಯಲು ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ವಿಮಾನ ಸದ್ದಿಲ್ಲದೆ ಬಂದು ಅದರ ಮೇಲೆ ಕೂತಿತು. ನಾನು ಎದ್ದೆ. ಮೊಣಕಾಲು ಸದ್ದು ಮಾಡಿದವು. ಕೌದಿ ಕೊಡವಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡೆ. ತಿಪ್ಪಣ್ಣ ಮಾಬೂಬಿಗೆ ಪಿಸುಮಾತಿನಲ್ಲಿ, "ಆಯಿ ಎದ್ದಳು," ಅಂದದ್ದು ಎಲ್ಲರಿಗೂ ಕೇಳಿಸಿತು.

ಒಂದು ಹೆಜ್ಜೆ ಇಟ್ಟೆ. ಹಿಂದೆ ಚನಮಲ್ಲಪ್ಪ ಒಂದು ಹೆಜ್ಜೆ ಇಟ್ಟ. ತಿರುಗಿ ನೋಡಬಾರದು ಅಂದುಕೊಂಡರೂ ನೋಡಿದೆ. ರುಮಾಲಿನ ನೆರಳು ಎಷ್ಟೋ ಬೇಸಿಗೆಗಳ ಮೇಲೆ ಮೊದಲ ಸಲ ಜಾಗ ಬಿಟ್ಟು ಕದಲಿತ್ತು. ಆದರೂ ಅವನ ಕಾಲಿಗೆ ಕೂಡಿರಲಿಲ್ಲ. ಅವನಿಂದ ಅರ್ಧ ಹೆಜ್ಜೆ ಹಿಂದೆ, ಗೊತ್ತಿಲ್ಲದವರ ಜೊತೆ ದಾರಿ ನಡೆಯುವವರ ಹಾಗೆ ತನ್ನಷ್ಟಕ್ಕೆ ತಾನು ಬರುತ್ತಿತ್ತು.

ಮೆಟ್ಟಿಲ ಬುಡಕ್ಕೆ ಬಂದೆವು. ಬಾಗಿಲು ತೆರೆಯಿತು. ಬಾಗಿಲ ಹುಡುಗಿ ಬೇರೆಯವಳು, ಮಾತು ಮಾತ್ರ ಅಂಥದ್ದೇ. "ಒಂದೇ ಸೀಟು ಇರೋದು ಅಜ್ಜಿ. ಯಾರಾದರೂ ಒಬ್ಬರು ಬನ್ನಿ."

ಆ ಕಡೆ ಚನಮಲ್ಲಪ್ಪನ ಮೊಮ್ಮಗಳು ಬಂದು ಕಾಯುತ್ತಿರುತ್ತಾಳೆ, ಗೊತ್ತಿತ್ತು. ಅವನು ಕಾಲು ಬದಲಿಸಿದ ಸದ್ದಾಯಿತು, ಹಳೆಯ ಹಾಗೆಯೇ. ಆ ಭುಜ ಈಗ ತಾಕುತ್ತದೆ, ಈಗ ತಾಕುತ್ತದೆ ಅಂತ ನನ್ನ ಮೈ ತಾನಾಗಿಯೇ ಒಂದು ಪಕ್ಕಕ್ಕೆ ಸರಿದು ಗಟ್ಟಿಯಾಯಿತು.

"ಹತ್ತರಿ ಅಕ್ಕಾರ," ಅಂದ. "ನಾ ನಿಮ್ಮ ಬೆನ್ನಿಗಿ ಅಲ್ಲೇನು?"

ಹೇಳಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ನೆರಳೂ ಸರಿಯಿತು. ಈ ಸಲ ಅವನ ಜೊತೆಗೇ ಸರಿಯಿತು, ಕಾಲಿಗೆ ಕಾಲು ಕೂಡಿ.

ಅವನು ಇನ್ನೂ ನೋಡಿಕೊಂಡಿರಲಿಲ್ಲ. ಜನ ನೋಡಿದ್ದರು. ಮಾಬೂಬಿ "ಸುಭಾನಲ್ಲಾ" ಅಂದಳು. ಅವನು ಒಂದು ಕೈ ಎತ್ತಿದ. ಕಲ್ಲಿನ ಮೇಲೆ ರುಮಾಲಿನವನೂ ಕೈ ಎತ್ತಿದ. ಮುದುಕ ಅದನ್ನು ನೋಡುತ್ತ, ಎತ್ತಿದ ಕೈ ಇಳಿಸುವುದನ್ನೇ ಮರೆತ.

"ನೀರು ತುಂಬಿಡ್ರಿ," ಅಂದೆ. ಹತ್ತಿದೆ.

ಉಳಿದಿದ್ದ ಆ ಒಂದು ಸೀಟು ಕಿಟಕಿಯ ಪಕ್ಕದ್ದು. ವಿಮಾನ ಏಳುವಾಗ ನಾನು ಗಾಜಿಗೆ ಹಣೆ ಒತ್ತಿ ನೋಡಿದೆ. ನಮ್ಮ ಬಯಲು ಒಂದು ರೊಟ್ಟಿಯಷ್ಟಾಯಿತು. ಅದರ ಮೇಲೆ ಅವನು ಹರವಿಗಳ ಬಳಿ ಕೂತು ಯಾರಿಗೋ ತಂಬಿಗೆ ಕೊಡುತ್ತಿದ್ದ. ಮುದುಕ ಎಳ್ಳಿನಷ್ಟು ಸಣ್ಣಗೆ ಕಂಡ, ಪಕ್ಕದಲ್ಲಿ ಅವನ ಪ್ರಾಯದ ನೆರಳು ರುಮಾಲು ಸುತ್ತಿಕೊಂಡು ಉದ್ದಕ್ಕೆ ಬಿದ್ದಿತ್ತು. ನನ್ನ ಬೆನ್ನಿಗೆ ಬಿಸಿಲು ತಾಕಿದಂತಾಯಿತು. ಸೀಟಿಗೆ ಒರಗಿ ಕೂತೆ. ಮೋಡ ಬಂತು.

ಆ ಊರಿನಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಇಳಿಯುವ ಕಡೆ ಒಬ್ಬ ಹೆಣ್ಣುಮಗಳು ಸಣ್ಣ ಹುಡುಗಿಯ ಕೈ ಹಿಡಿದು ನಿಂತಿದ್ದಳು. ಹುಡುಗಿ ಬರುವವರ ಮುಖ ನೋಡುತ್ತಿರಲಿಲ್ಲ, ಕಾಲ ಬುಡ ನೋಡುತ್ತಿತ್ತು.

"ನೀ ಸಂಪದಾ ಏನವಾ?" ಅಂದೆ. "ನಿಮ್ಮ ಮುತ್ಯಾಗ ನೆರಳ ಸಿಕ್ಕೈತಿ. ರುಮಾಲ ಸುತ್ತಿದ್ದು, ಕಂಕಳಾಗ ಛತ್ರಿ ಇದ್ದದ್ದು. ತುಳಿಯಾಕ ಭಾಳ ಛಂದ ಐತಿ."

"ಮತ್ತ ಮುತ್ಯಾ ಎಲ್ಲಿ?"

"ಪಾಳಿಯೊಳಗ ಅದಾನ. ಬರ್ತಾನ."

"ಪಾಳಿ ಅಂದ್ರ?"

ಅವಳ ತಾಯಿ ಏನೋ ಹೇಳಲು ಹೊರಟಳು. ನಾನು ಹುಡುಗಿಯನ್ನು ನನ್ನ ಹಿಂದೆ ನಿಲ್ಲಿಸಿದೆ. ನನ್ನ ನೆರಳು ಅವಳ ಕಡೆಗೇ ಬಿದ್ದಿತ್ತು. "ನಾ ನಿಮ್ಮ ಬೆನ್ನಿಗಿ ಅನ್ನು," ಅಂದೆ. ಅಂದಿತು. "ಇದಾ ಪಾಳಿ. ಇನ್ನ ನಡಿ." ನಾನು ನಡೆದೆ. ಅದು ನನ್ನ ನೆರಳನ್ನು ತುಳಿಯುತ್ತ, ನಗುತ್ತ, ದಾಟದೆ, ಹಿಂದೆ ಹಿಂದೆ ಬಂತು. ತಾಯಿ ಇಬ್ಬರ ಹಿಂದೆ ಬಂದಳು. ಹೊಳೆವ್ವನ ಓಣಿ ಅವರಿಗೆ ಗೊತ್ತಿತ್ತು. ಬಾಗಿಲ ತನಕ ತೋರಿಸಿ ಕೊಟ್ಟು ಅವರು ತಮ್ಮ ಮನೆಗೆ ತಿರುಗಿದರು.

ಬಾಗಿಲು ಬಡಿದೆ. ತೆರೆದವಳು ನಮ್ಮವ್ವನೇ ಅಂತ ಒಂದು ಗಳಿಗೆ ಅನ್ನಿಸಿತು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಅಕ್ಕಿ ಮೊರ. ಅವಳು ನನ್ನನ್ನು ನೋಡಿದಳು. ನನ್ನ ಕಂಕುಳಲ್ಲಿದ್ದ ಕೌದಿ ನೋಡಿದಳು. ಅದರಲ್ಲಿದ್ದ ಅವ್ವನ ಹಸಿರು ಸೀರೆಯ ತುಂಡಿನ ಮೇಲೆ ಅವಳ ಕಣ್ಣು ನಿಂತಿತು. ಮೊರದಿಂದ ಒಂದಿಷ್ಟು ಅಕ್ಕಿ ಹೊಸ್ತಿಲ ಮೇಲೆ ಚೆಲ್ಲಿತು.

"ಇಷ್ಟ ತಡಾ ಯಾಕ ಮಾಡಿದಿ?" ಅಂದಳು.

"ಪಾಳಿ ಇತ್ತವ್ವಾ."

ಅವಳು ಒಂದು ಕೈಯಿಂದ ಆ ಹಸಿರು ತುಂಡನ್ನು ಮುಟ್ಟಿ ನೋಡಿದಳು. ನಾನು ಕಾದೆ, ಕಾಯುವುದು ನನಗೆ ಬರುತ್ತದೆ. ಆಮೇಲೆ ನಮ್ಮೂರಿನವರು ಸರಿಯುವ ಹಾಗೆಯೇ ಒಂದು ಪಕ್ಕಕ್ಕೆ ಸರಿದಳು.

"ನಡೀ," ಅಂದಳು.